ಕೇಂದ್ರ, ರಾಜ್ಯಗಳ ಜಗ್ಗಾಟದಲ್ಲಿ ಗಡಿಯವರನ್ನು ಕೇಳುವವರು ಯಾರು?

ಸಂಪಾದಕರಿಗೆ ನಮಸ್ಕಾರ.

ಜಿಎಸ್‌ಟಿ ಪಾಲು, ರಾಜ್ಯಪಾಲರು ಇಟ್ಟುಕೊಂಡು ಕೂತ ಮಸೂದೆಗಳು, ತೆರಿಗೆ ಹಂಚಿಕೆಯಲ್ಲಿ ದಕ್ಷಿಣಕ್ಕೆ ಆಗುವ ಅನ್ಯಾಯ, ಇದೆಲ್ಲ ನಿಮ್ಮ ಪತ್ರಿಕೆಯಲ್ಲಿ ಬಂದಾಗ ಬಿಡದೆ ಓದುತ್ತೇನೆ. ಬೇಕಾದ ಚರ್ಚೆಯೇ. ಆದರೆ ಅದರಲ್ಲಿ ಮಾತಾಡುವವರು ಯಾವಾಗಲೂ ಇಬ್ಬರೇ. ಒಬ್ಬರು ದೆಹಲಿಯವರು, ಇನ್ನೊಬ್ಬರು ರಾಜಧಾನಿಯವರು. ಕಾಸರಗೋಡಿನಂಥ ಗಡಿಯಲ್ಲಿರುವ ನಮಗೆ ಬೇರೊಂದು ಪ್ರಶ್ನೆ ಇದೆ. ಅಧಿಕಾರ ದೆಹಲಿಯಿಂದ ತಿರುವನಂತಪುರಕ್ಕೆ ಬಂದರೂ ನಮ್ಮ ತನಕ ಬರುತ್ತದಾ?

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ, ಕೇಂದ್ರದ್ದು, ರಾಜ್ಯದ್ದು, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ. ಕಾಗದದಲ್ಲಿ ನೋಡಿದರೆ ಗೆರೆ ಎಳೆದ ಹಾಗೆ ಸ್ಪಷ್ಟ. ಬದುಕಿನಲ್ಲಿ ಹಾಗಿಲ್ಲ. ನಮ್ಮ ಅಡಿಕೆಯನ್ನೇ ತೆಗೆದುಕೊಳ್ಳಿ. ಕೃಷಿ ರಾಜ್ಯದ ಪಟ್ಟಿಯಲ್ಲಿದೆ, ಹಾಗಾಗಿ ಕೊಳೆರೋಗ ಬಂದರೆ ಕೃಷಿ ಭವನಕ್ಕೆ ಹೋಗುತ್ತೇವೆ. ಹೊರದೇಶದಿಂದ ಅಡಿಕೆ ಬಂದು ಧಾರಣೆ ಬಿದ್ದರೆ ಅದಕ್ಕೆ ದೆಹಲಿಯೇ ಗತಿ, ಯಾಕೆಂದರೆ ಆಮದು ಕೇಂದ್ರದ ಕೈಯಲ್ಲಿದೆ. 2023ರ ಫೆಬ್ರವರಿಯಲ್ಲಿ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು ಕೇಂದ್ರ. ಈ ಹಂಚಿಕೆಯ ಬಗ್ಗೆ ನನಗೆ ತಕರಾರಿಲ್ಲ. ಯಾರ ಬಾಗಿಲು ತಟ್ಟಬೇಕು ಅಂತ ಕೃಷಿಕನಿಗೆ ಗೊತ್ತಿದೆ.

ಯಾರ ಬಾಗಿಲು ಅಂತಲೇ ಗೊತ್ತಾಗದೆ ಹೋದದ್ದು 2020ರಲ್ಲಿ. ಕೊರೊನಾ ಅಂತ ಮಾರ್ಚ್ ಕೊನೆಗೆ ಕರ್ನಾಟಕ ಗಡಿ ಮುಚ್ಚಿತು. ರಸ್ತೆಗಳಿಗೆ ಲೋಡುಗಟ್ಟಲೆ ಮಣ್ಣು ತಂದು ಸುರಿದರು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರು. ಡಯಾಲಿಸಿಸ್ ಇರಲಿ, ಹೆರಿಗೆ ಇರಲಿ, ಹೃದಯದ ತೊಂದರೆ ಇರಲಿ, ಮೊದಲಿನಿಂದಲೂ ಅಲ್ಲಿಗೇ ಹೋಗುವುದು. ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತುಬಿಟ್ಟಿತು, ಆಸ್ಪತ್ರೆ ಮುಟ್ಟಲಾಗದೆ ಜನ ತೀರಿಕೊಂಡರು. ಆಗ ಅಧಿಕಾರ ಯಾರದ್ದಾಗಿತ್ತು ನೋಡಿ. ಜನರ ಆರೋಗ್ಯ ರಾಜ್ಯದ ಪಟ್ಟಿ. ರಾಷ್ಟ್ರೀಯ ಹೆದ್ದಾರಿ ಕೇಂದ್ರದ ಪಟ್ಟಿ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಅಂಟುರೋಗ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿ, ಅಂದರೆ ಇಬ್ಬರದ್ದೂ. ಮೂರೂ ಪಟ್ಟಿಗಳು ತಲಪಾಡಿಯ ಆ ಮಣ್ಣಿನ ರಾಶಿಯ ಮೇಲೆ ಬಂದು ಕೂತಿದ್ದವು, ಅದನ್ನು ತೆಗೆಯುವವರು ಮಾತ್ರ ಯಾರೂ ಇರಲಿಲ್ಲ. ಕೇರಳ ಹೈಕೋರ್ಟು ಏಪ್ರಿಲ್ 1ಕ್ಕೆ ಹೆದ್ದಾರಿಯ ತಡೆ ತೆರವು ಮಾಡಿಸಿ ಎಂದು ಕೇಂದ್ರಕ್ಕೆ ಹೇಳಿತು, ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ಕ್ಕೆ ಒಂದು ಒಪ್ಪಂದ ಅಂತ ಆಯಿತು. ಅಷ್ಟರಲ್ಲಿ ಹೋಗುವ ಜೀವಗಳು ಹೋಗಿದ್ದವು. ನಾವು ಕನ್ನಡ ಕನ್ನಡ ಅಂತ ಹಂಬಲಿಸಿದ ರಾಜ್ಯವೇ ನಮ್ಮನ್ನು ಹೊರಗೆ ನಿಲ್ಲಿಸಿತು ಎಂಬ ಸಂಕಟ ಇನ್ನೂ ಹೋಗಿಲ್ಲ.

ಇನ್ನು ಶಾಲೆ. ಇದು ದಿನಾ ನಡೆಯುವ ಕಥೆ, ಹಾಗಾಗಿ ಯಾರಿಗೂ ಸುದ್ದಿ ಅನ್ನಿಸುವುದಿಲ್ಲ. ನಮ್ಮ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಗಣಿತದ ಮಾಷ್ಟ್ರು ಬಂದರು. ಪುಸ್ತಕ ಕನ್ನಡದ್ದು, ಪಾಠ ಮಲಯಾಳದಲ್ಲಿ. ನೆರೆಮನೆಯ ಹುಡುಗಿ ಬೋರ್ಡಿನ ಮೇಲೆ ಇದ್ದದ್ದನ್ನು ಅಚ್ಚುಕಟ್ಟಾಗಿ ನೋಟ್ಸಿಗೆ ಇಳಿಸಿಕೊಂಡು ಬರುತ್ತಾಳೆ. ಈ ಲೆಕ್ಕ ಯಾಕೆ ಹೀಗೆ ಮಾಡುವುದು ಅಂತ ಕೇಳಿದರೆ ಸುಮ್ನೆ ಮುಖ ನೋಡುತ್ತಾಳೆ. ಸಂಜೆ ಅವಳ ಅಮ್ಮ ಬೀಡಿ ಕಟ್ಟುವುದನ್ನು ಬದಿಗಿಟ್ಟು, ತನಗೆ ತಿಳಿದಷ್ಟು ಮತ್ತೆ ಮೊದಲಿನಿಂದ ಹೇಳಿಕೊಡಬೇಕು. ಆ ಮಾಷ್ಟ್ರನ್ನು ದೂರುವುದಿಲ್ಲ. ನೇಮಕದ ಪಟ್ಟಿಯಲ್ಲಿ ಹೆಸರು ಬಂತು, ಕಳಿಸಿದಲ್ಲಿಗೆ ಬಂದರು. ಪಟ್ಟಿ ಮಾಡಿದವರು ಯೋಚನೆ ಮಾಡಬೇಕಿತ್ತು, ಅಲ್ವಾ?

ಶಾಲಾ ಶಿಕ್ಷಣ ಮೊದಲು ರಾಜ್ಯದ ಪಟ್ಟಿಯಲ್ಲೇ ಇತ್ತು. 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ಹಾಕಿತು. ಅದನ್ನು ವಾಪಸ್ ಕೊಡಿ ಅಂತ ರಾಜ್ಯಗಳು ಕೇಳುತ್ತಿವೆ, ಕೇಳುವುದು ನ್ಯಾಯವೇ. ನಮ್ಮ ಮಕ್ಕಳು ಏನು ಕಲಿಯಬೇಕು ಅಂತ ದೆಹಲಿಯಲ್ಲಿ ತೀರ್ಮಾನ ಆಗುವುದು ನನಗೂ ಇಷ್ಟವಿಲ್ಲ. ಆದರೆ 2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿಯಬೇಕಾಯಿತು. ಹಿಂದಿ ಹೇರಿಕೆ ಬೇಡ ಅಂತ ದೆಹಲಿಗೆ ಹೇಳುವ ರಾಜ್ಯ ತನ್ನೊಳಗಿನ ಸಣ್ಣ ಭಾಷೆಗೂ ಅದೇ ನ್ಯಾಯ ಕೊಡಬೇಕು. ಬೆಳಗಾವಿಯ ಮರಾಠಿ ಮಕ್ಕಳ ವಿಷಯದಲ್ಲಿ ಕರ್ನಾಟಕಕ್ಕೂ ನನ್ನ ಮಾತು ಇದೇ.

ಇದಕ್ಕೆ ಹೊಸ ಕಾನೂನೇನೂ ಬೇಡ. ಸಂವಿಧಾನದ 350ಎ ವಿಧಿ ಓದಿ ನೋಡಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಮಾಡಿಕೊಡಲು ರಾಜ್ಯ ಮಾತ್ರವಲ್ಲ, ಸ್ಥಳೀಯ ಸಂಸ್ಥೆಗಳೂ ಪ್ರಯತ್ನ ಮಾಡಬೇಕು ಅಂತ ಅದರಲ್ಲಿದೆ. ಅಗತ್ಯ ಬಿದ್ದರೆ ರಾಷ್ಟ್ರಪತಿಗಳು ರಾಜ್ಯಕ್ಕೆ ನಿರ್ದೇಶನ ಕೊಡಬಹುದು ಅಂತಲೂ ಇದೆ. 350ಬಿ ಪ್ರಕಾರ ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ವಿಶೇಷ ಅಧಿಕಾರಿಯೂ ಇದ್ದಾರೆ. ಅವರು ವರದಿ ಕೊಡುತ್ತಾರೆ, ಅದು ಸಂಸತ್ತಿನ ಮುಂದೆ ಹೋಗುತ್ತದೆ, ರಾಜ್ಯಗಳಿಗೂ ಹೋಗುತ್ತದೆ. ಒಂದು ಶಾಲೆಗೆ ಒಬ್ಬ ಮಾಷ್ಟ್ರನ್ನು ಹಾಕಿಸುವ ಅಧಿಕಾರ ಮಾತ್ರ ಅವರಿಗಿಲ್ಲ. ಬೇರೆ ವಿಷಯಕ್ಕೆ ರಾಜ್ಯಗಳ ಮೇಲೆ ಕೈ ಹಾಕಲು ಹಿಂದೆ ಮುಂದೆ ನೋಡದ ಕೇಂದ್ರ ಇಲ್ಲಿ ಯಾಕೆ ಬಾಯಿ ಬಿಡುವುದಿಲ್ಲ?

ಗಡಿ ವಿವಾದಕ್ಕೆಂದು ಕೇಂದ್ರ ನೇಮಿಸಿದ್ದ ಮಹಾಜನ್ ಆಯೋಗದ ವರದಿ ಜಾರಿಯಾಗಲಿ, ಎಲ್ಲ ಸರಿಹೋಗುತ್ತದೆ ಅನ್ನುವ ಹಿರಿಯರು ನಮ್ಮಲ್ಲಿ ತುಂಬ ಇದ್ದಾರೆ. ಕಯ್ಯಾರ ಕಿಞ್ಞಣ್ಣ ರೈಗಳು ಜೀವನಪೂರ್ತಿ ಅದಕ್ಕಾಗಿ ಹೋರಾಡಿದರು, ಅವರ ಮೇಲಿನ ಗೌರವ ನನಗೆ ಒಂದು ಚೂರೂ ಕಡಿಮೆಯಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಅಂತ 1967ರಲ್ಲೇ ವರದಿ ಬಂತು. ಗಡಿ ಬದಲಿಸುವ ಅಧಿಕಾರ 3ನೇ ವಿಧಿಯಂತೆ ಸಂಸತ್ತಿನದ್ದು. ರಾಜ್ಯದ ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಲೇಬೇಕೆಂದಿಲ್ಲ. ಇಷ್ಟು ಅಧಿಕಾರ ಇದ್ದೂ ಸಂಸತ್ತು ಏನೂ ಮಾಡಲಿಲ್ಲ. ಗಡಿ ಬದಲಾಗುವ ತನಕ ಈಗ ಮೂರನೇ ಕ್ಲಾಸಿನಲ್ಲಿರುವ ಮಗು ಕಾಯಲು ಆಗುತ್ತದಾ?

ನನ್ನ ಬೇಡಿಕೆ ಒಂದೇ. 1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕನ್ನು ದಕ್ಷಿಣ ಕನ್ನಡದಿಂದ ತೆಗೆದು ಕೇರಳಕ್ಕೆ ಸೇರಿಸಿದ ಆ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲೇ ವಲಯ ಮಂಡಳಿಗಳ ವ್ಯವಸ್ಥೆ ಇದೆ. ಗಡಿ ವಿವಾದ, ಭಾಷಾ ಅಲ್ಪಸಂಖ್ಯಾತರು, ಅಂತರರಾಜ್ಯ ಸಾರಿಗೆ, ಇವುಗಳನ್ನು ಅಲ್ಲಿ ಚರ್ಚಿಸಬಹುದು ಅಂತ ಹೆಸರು ಹಿಡಿದೇ ಬರೆದಿದ್ದಾರೆ. ದಕ್ಷಿಣ ವಲಯ ಮಂಡಳಿಯಲ್ಲಿ ಕೇರಳವೂ ಇದೆ, ಕರ್ನಾಟಕವೂ ಇದೆ, ಕೇಂದ್ರ ಗೃಹ ಸಚಿವರು ಅಧ್ಯಕ್ಷರು. ಮುಂದಿನ ಸಭೆಯಲ್ಲಿ ಎರಡು ವಿಷಯ ಇಡಲಿ. ಕನ್ನಡ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರೇ ಬರಬೇಕು. ಇನ್ನೆಂಥ ರೋಗ ಬಂದರೂ ತಲಪಾಡಿಯಲ್ಲಿ ಆಂಬುಲೆನ್ಸ್ ನಿಲ್ಲಿಸಬಾರದು, ಅದಕ್ಕೆ ಎರಡೂ ರಾಜ್ಯಗಳು ಈಗಲೇ ಬರೆದು ಸಹಿ ಹಾಕಬೇಕು. ನಮ್ಮ ಸಂಸದರು, ಶಾಸಕರು ಯಾವ ಪಕ್ಷದವರೇ ಆಗಲಿ, ಇದನ್ನು ಅಜೆಂಡಾಕ್ಕೆ ಸೇರಿಸಲು ಪತ್ರ ಬರೆದಿದ್ದಾರಾ ಅಂತ ನಿಮ್ಮ ವರದಿಗಾರರು ಒಮ್ಮೆ ಕೇಳಿ, ಅವರು ಕೊಟ್ಟ ಉತ್ತರವನ್ನು ಹಾಗೇ ಅಚ್ಚು ಹಾಕಿ.

ಇತಿ,
ಪೆರ್ಲದ ಒಬ್ಬ ಓದುಗ
ಕಾಸರಗೋಡು ಜಿಲ್ಲೆ