ಬಿಸಿಲ ನಾಡಿನಲ್ಲಿ ಹಾಟ್ ಯೋಗ ಬೇಕೆ?

ಮಾನ್ಯ ಸಂಪಾದಕರೇ,

ಬಿಸಿಲಿನ ಝಳಕ್ಕೆ ಅಂಜಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಸುವ ರೂಢಿಯಿದೆ. ಅದೇ ತಿಂಗಳುಗಳಲ್ಲಿ ರಾಯಚೂರಿನ ಕೆಲವರು ಕಿಟಕಿ, ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ, ಮೊಬೈಲ್ ವಿಡಿಯೊ ನೋಡಿಕೊಂಡು ‘ಹಾಟ್ ಯೋಗ’ (ಬಿಸಿ ಕೋಣೆಯಲ್ಲಿ ಮಾಡುವ ಯೋಗ) ಮಾಡತೊಡಗಿರುವುದು ಆತಂಕದ ಸಂಗತಿ.

ಯೋಗ ಶಿಕ್ಷಕ ಬಿಕ್ರಮ್ ಚೌಧರಿ ಅವರು 1970ರ ದಶಕದಲ್ಲಿ ಅಮೆರಿಕದಲ್ಲಿ ಪ್ರಚಾರಕ್ಕೆ ತಂದ ಈ ಪದ್ಧತಿಯಲ್ಲಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 40ರಷ್ಟು ತೇವಾಂಶವಿರುವ ಕೋಣೆಯಲ್ಲಿ 90 ನಿಮಿಷ 24 ಆಸನಗಳನ್ನೂ 2 ಉಸಿರಾಟದ ಅಭ್ಯಾಸಗಳನ್ನೂ ಮಾಡಿಸುತ್ತಾರೆ. ಇದರಿಂದ ಮೈ ಬಾಗುವ ಗುಣ ಮತ್ತು ಸಮತೋಲನ ಹೆಚ್ಚುತ್ತವೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಮಧ್ಯವಯಸ್ಕರನ್ನು 12 ವಾರ ಅಭ್ಯಾಸಕ್ಕೆ ಹಚ್ಚಿ ನಡೆಸಿ, 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಇವೇ ಆಸನಗಳನ್ನು 23 ಡಿಗ್ರಿಯ ಕೋಣೆಯಲ್ಲಿ ಮಾಡಿದವರ ರಕ್ತನಾಳಗಳ ಆರೋಗ್ಯವೂ ಬಿಸಿ ಕೋಣೆಯವರಷ್ಟೇ ಸುಧಾರಿಸಿತ್ತು. ಅಂದರೆ ರಕ್ತನಾಳಗಳಿಗೆ ಗುಣ ಬಂದದ್ದು ಆಸನದಿಂದಲೇ ಹೊರತು ಕಾವಿನಿಂದಲ್ಲ.

ನಮ್ಮ ಬಿಸಿಲಿಗೇ ಒಗ್ಗಿದವರಿಗೆ ಈ ಕೋಣೆ ಯಾವ ಲೆಕ್ಕ ಎಂಬ ವಾದವನ್ನೂ ಕೇಳಿದ್ದೇನೆ. ಇದು ಅಪಾಯಕಾರಿ ತಿಳಿವಳಿಕೆ. ಬೆವರು ಹರಿದ ಮಾತ್ರಕ್ಕೆ ಮೈ ತಣಿಯುವುದಿಲ್ಲ, ಅದು ಆರಬೇಕು. ನಮ್ಮ ಬೇಸಿಗೆಯ ಗಾಳಿ ಒಣಗಾಳಿಯಾದ್ದರಿಂದ ಬಯಲಿನಲ್ಲಿ ಬೆವರು ಬೇಗ ಆರುತ್ತದೆ. ಇಲ್ಲಿ ಕೂಲರ್ ಚೆನ್ನಾಗಿ ತಂಪು ಕೊಡುವುದಕ್ಕೂ ಅದೇ ಕಾರಣ. ಮುಚ್ಚಿದ ಕೋಣೆಯಲ್ಲಿ ಹತ್ತಾರು ಜನರ ಉಸಿರು, ಬೆವರುಗಳಿಂದ ತೇವ ಏರಿದಾಗ ಬೆವರು ಬರೀ ತೊಟ್ಟಿಕ್ಕುತ್ತದೆ, ದೇಹದೊಳಗಿನ ಉಷ್ಣತೆ ಮಾತ್ರ ಏರುತ್ತಲೇ ಹೋಗುತ್ತದೆ. ಅದು 40 ಡಿಗ್ರಿ ದಾಟಿ ಮನಸ್ಸು ಗಲಿಬಿಲಿಗೊಂಡರೆ ಅದೇ ಹೀಟ್ ಸ್ಟ್ರೋಕ್, ಜೀವಕ್ಕೇ ಕುತ್ತು. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರನ್ನು ಅತಿಯಾಗಿ ಕುಡಿಯುವುದೂ ಕ್ಷೇಮವಲ್ಲ. ಕಾವಿಗೆ ಸಡಿಲವಾದ ಮೈ ತನ್ನ ಮಿತಿ ಮೀರಿ ಬಾಗಿದ್ದು, ಕೀಲು ನೋಯುವವರೆಗೂ ತಿಳಿಯುವುದಿಲ್ಲ.

ತರಗತಿ ಮುಗಿದೊಡನೆ ತಕ್ಕಡಿ ಹತ್ತಿ ಹಿಗ್ಗುವವರು ಕಳೆದುಕೊಂಡಿರುವುದು ಬಹುಪಾಲು ನೀರನ್ನು. ಬೆವರಿನೊಡನೆ ‘ವಿಷ’ ಹೊರಹೋಗುತ್ತದೆ ಎಂಬ ಪ್ರಚಾರವಂತೂ ಸರಿಯಲ್ಲ, ಆ ಕೆಲಸ ಯಕೃತ್ತು, ಮೂತ್ರಪಿಂಡಗಳದ್ದು.

ಹಾಟ್ ಯೋಗವನ್ನು ಪ್ರಾಚೀನ ಪರಂಪರೆಯೆಂದು ಹೇಳುವವರು ಹಠಯೋಗದ ಹಳೆಯ ಗ್ರಂಥವಾದ ಘೇರಂಡ ಸಂಹಿತೆಯನ್ನು ತೆರೆದು ನೋಡಲಿ. ಗ್ರೀಷ್ಮದಲ್ಲಿ ಯೋಗ ಆರಂಭಿಸಬಾರದು, ವಸಂತ ಮತ್ತು ಶರದೃತುಗಳಲ್ಲಿ ಆರಂಭಿಸಬೇಕು ಎಂದು ಅಲ್ಲಿದೆ.

ಗರ್ಭಿಣಿಯರು, ಹೃದ್ರೋಗಿಗಳು, ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಈ ಅಭ್ಯಾಸದಿಂದ ದೂರವಿರುವುದೇ ಲೇಸು. ಬಿಸಿಗಾಳಿಯ ದಿನಗಳಲ್ಲಿ ಜಿಲ್ಲಾ ಆರೋಗ್ಯ ಇಲಾಖೆ ಹೊರಡಿಸುವ ಸಲಹೆಗಳಲ್ಲಿ ಮುಚ್ಚಿದ ಕೋಣೆಯ ವ್ಯಾಯಾಮದ ಬಗೆಗೂ ಎಚ್ಚರಿಕೆ ಸೇರಿಸಬೇಕು. ಯೋಗ ಕೇಂದ್ರಗಳು ಇಂಥ ತರಗತಿಗೆ ಸೇರಿಸಿಕೊಳ್ಳುವ ಮುನ್ನ ಕಾಯಿಲೆ, ಔಷಧಗಳ ವಿವರ ಬರೆಸಿಕೊಳ್ಳುವುದನ್ನೂ, ಕೋಣೆಯಲ್ಲಿ ಉಷ್ಣತೆ ಮತ್ತು ತೇವಾಂಶ ತೋರಿಸುವ ಮಾಪಕ ಇಡುವುದನ್ನೂ ಇಲಾಖೆ ಕಡ್ಡಾಯ ಮಾಡಲಿ.

– ಓದುಗ, ರಾಯಚೂರು