ಬಲಗೈಯ ಚೀಲ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಬಲಗೈಗೆ ತೊಟ್ಟಿದ್ದ ಬಟ್ಟೆಯ ಚೀಲವನ್ನು ಈ ಪತ್ರ ಬರೆಯುವುದಕ್ಕಾಗಿಯೇ ಬಿಚ್ಚಿದ್ದೇನೆ. ಚೆನ್ನಾಗಿರುವ ಕೈಯನ್ನೇಕೆ ಕಟ್ಟಿಹಾಕಿಕೊಂಡಿದ್ದೀರೆಂದು ಮೊನ್ನೆ ಫೋನಿನಲ್ಲಿ ನೀನು ನೊಂದು ಕೇಳಿದೆ; ಆಗ ನನಗೆ ಸರಿಯಾಗಿ ವಿವರಿಸಲಾಗಲಿಲ್ಲ.

ಜೂನ್ ತಿಂಗಳಲ್ಲಿ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿದ ಮೇಲೆ ನಾನು ಎಲ್ಲ ಕೆಲಸವನ್ನೂ ಬಲಗೈಗೇ ಒಪ್ಪಿಸಿಬಿಟ್ಟಿದ್ದೆ. ಹಾಗೆ ಬಿಟ್ಟ ಕೈಗೆ ಮುಂದೆ ಒಂದಿಷ್ಟು ಶಕ್ತಿ ಮರಳಿದರೂ ಅದನ್ನು ಬಳಸುವ ರೂಢಿಯೇ ತಪ್ಪಿಹೋಗಿರುತ್ತದೆಂದು ಫಿಸಿಯೋಥೆರಪಿಯವರು ತಿಳಿಸಿಹೇಳಿದರು. ಅದಕ್ಕೇ ಚೆನ್ನಾಗಿರುವ ಕೈಯನ್ನು ಚೀಲದಲ್ಲಿ ಕಟ್ಟಿಟ್ಟು, ಸೋತ ಕೈಯಿಂದಲೇ ಕೆಲಸ ಮಾಡಿಸುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟಾಬ್ ರೂಪಿಸಿದ ಈ ಪದ್ಧತಿಯನ್ನು, ಪಾರ್ಶ್ವವಾಯುವಾಗಿ 3ರಿಂದ 9 ತಿಂಗಳಾಗಿದ್ದ 222 ಮಂದಿಯಲ್ಲಿ ಪರೀಕ್ಷಿಸಿ, 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ್ದಾರೆ. ಎರಡು ವಾರದ ಅಭ್ಯಾಸದಿಂದ ಕೈಗೆ ಬಂದ ಚಲನೆ ವರ್ಷ ಕಳೆದ ಮೇಲೂ ಉಳಿದಿತ್ತು. ಆದರೆ ಇದನ್ನು ಆರಂಭಿಸಲು ಮಣಿಕಟ್ಟನ್ನೂ ಬೆರಳುಗಳನ್ನೂ ತುಸುವಾದರೂ ಎತ್ತಲು ಬರಬೇಕು. ನನಗೆ ಅಷ್ಟು ಬಂದದ್ದು ಅಕ್ಟೋಬರಿನಲ್ಲಿ. ಮೆಟ್ಟಿಲು ಹತ್ತುವಾಗ, ಬಚ್ಚಲಿಗೆ ಹೋಗುವಾಗ, ಬಿಸಿ ಪಾತ್ರೆಯ ಹತ್ತಿರ ಚೀಲವನ್ನು ತಪ್ಪದೆ ಬಿಚ್ಚುತ್ತೇನೆ, ಭಯಪಡಬೇಡ.

ನೀನು ಕಳುಹಿಸಿದ ಸಾಮಾನುಗಳಲ್ಲಿ ಕಾಲಿನ ಪೆಡಲ್ ಯಂತ್ರ ಬಹಳ ಉಪಕಾರ ಮಾಡಿದೆ. ಪಾದವನ್ನು ಪಟ್ಟಿಯಿಂದ ಬಿಗಿದು, ಬೆಳಿಗ್ಗೆ ಸಂಜೆ ಹದಿನೈದು ನಿಮಿಷ ತುಳಿಯುತ್ತೇನೆ. ಬಾಗಿಲಿಗೆ ತೂಗುಹಾಕುವ ರಾಟೆಯನ್ನು ಮಾತ್ರ ಅಟ್ಟಕ್ಕೆ ಹಾಕಿಸಿದ್ದೇನೆ, ಇದನ್ನು ನಿನಗೆ ಹೇಳಿರಲಿಲ್ಲ. ಯಾರನ್ನೂ ಕೇಳದೆ, ಬಲಗೈಯಿಂದ ಹಗ್ಗ ಜಗ್ಗಿ ಎಡಗೈಯನ್ನು ತಲೆಯ ಮೇಲಕ್ಕೆ ಎಳೆಯುತ್ತಿದ್ದೆ. ಹತ್ತು ದಿನದಲ್ಲಿ ರಾತ್ರಿ ಮಗ್ಗುಲು ಬದಲಿಸಲಾಗದಷ್ಟು ಭುಜ ನೋಯತೊಡಗಿತು. ತೋಳಿನ ಮೂಳೆಯನ್ನು ಕೀಲಿನಲ್ಲಿ ಹಿಡಿದಿಡುವ ಸ್ನಾಯುಗಳು ಸಡಿಲಗೊಂಡಿರುವಾಗ ಹೀಗೆ ಎಳೆದರೆ ಒಳಗಿನ ಮೃದುಭಾಗ ಮೂಳೆಗಳ ನಡುವೆ ಸಿಕ್ಕಿ ನಲುಗುತ್ತದೆಯಂತೆ. ಇಂಥ ರಾಟೆಯನ್ನು ಪಾರ್ಶ್ವವಾಯು ಪೀಡಿತರು ಬಳಸಬಾರದೆಂಬ ಎಚ್ಚರಿಕೆ ಬಹಳ ಹಿಂದಿನಿಂದಲೂ ಇದೆ. ನಿನ್ನ ಸ್ನೇಹಿತೆಯ ತಂದೆಗೂ ಅದನ್ನೇ ತರಿಸಿಕೊಡುತ್ತಿರುವೆಯೆಂದು ಕೇಳಿದೆ, ದಯವಿಟ್ಟು ನಿಲ್ಲಿಸು. ಅವರನ್ನು ಏಳಿಸುವಾಗ ಆ ತೋಳನ್ನು ಹಿಡಿದು ಯಾರೂ ಎಳೆಯಬಾರದೆಂದೂ ಹೇಳು.

ಕೈಗೆ ಬೇಕಾದದ್ದು ಎಣಿಕೆ. 2009ರ ಒಂದು ಅಧ್ಯಯನದಲ್ಲಿ, ಒಂದು ಸಲದ ಚಿಕಿತ್ಸೆಯಲ್ಲಿ ರೋಗಿಯ ಸೋತ ಕೈ ನಿಜವಾದ ಕೆಲಸದ ಚಲನೆಯನ್ನು ಸರಾಸರಿ 32 ಸಲ ಮಾತ್ರ ಮಾಡುತ್ತಿತ್ತೆಂದು ಕಂಡುಬಂದಿತ್ತು. ಪ್ರಾಣಿಗಳ ಮಿದುಳಿನಲ್ಲಿ ಬದಲಾವಣೆ ಕಂಡ ಪ್ರಯೋಗಗಳಲ್ಲಾದರೋ ಅದು ದಿನಕ್ಕೆ ನೂರಾರು ಸಲ. ಆ ನೂರಾರನ್ನು ಮನೆಯಲ್ಲಿ ನಾವೇ ತುಂಬಿಕೊಳ್ಳಬೇಕು. ಈಗ ಅವರೆಕಾಯಿ ಕಾಲವಾದ್ದರಿಂದ ನಿಮ್ಮಮ್ಮ ನೆನೆಹಾಕಿದ ಕಾಳನ್ನು ನನ್ನ ಮುಂದಿಡುತ್ತಾಳೆ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿತಕುವಾಗ ಮೊದಲ ವಾರ ದಿನಕ್ಕೆ ನಲವತ್ತು ಕಾಳಿಗೇ ಸೋತುಹೋಗುತ್ತಿದ್ದೆ. ನಿನ್ನೆ ನಡುನಡುವೆ ವಿಶ್ರಾಂತಿ ಪಡೆದು ಮುನ್ನೂರು ದಾಟಿದೆ. ರಬ್ಬರ್ ಚೆಂಡನ್ನು ಅದುಮುವುದಕ್ಕಿಂತ ಇದೇ ನನಗೆ ಮೇಲೆನಿಸಿದೆ, ಏಕೆಂದರೆ ಮುಷ್ಟಿ ಬಿಗಿಯುವುದು ಹೇಗೂ ಬರುತ್ತದೆ, ಬೆರಳು ಬಿಚ್ಚುವುದೇ ಕಷ್ಟ.

ಸಂಕ್ರಾಂತಿಗೆ ಬರುವಾಗ ಗುಂಡಿಯಿಲ್ಲದ ಜುಬ್ಬ ತರುತ್ತೇನೆಂದಿದ್ದೆಯಲ್ಲ, ಅದು ಬೇಡ; ಗುಂಡಿಯ ಅಂಗಿಯನ್ನೇ ತಾ. ಹಬ್ಬದ ದಿನ ಅದನ್ನು ತೊಡಲು ನನಗೆ ಅರ್ಧ ಗಂಟೆ ಹಿಡಿದರೂ ನೀನು ಕೈಹಾಕದೆ ಪಕ್ಕದಲ್ಲಿ ಕುಳಿತಿರು.

ಇಂತಿ,
ನಿನ್ನ ಅಪ್ಪ