ಹಾಸಿಗೆಯ ಎತ್ತರ

ಪ್ರೀತಿಯ ಮಗಳೇ,

ನೀನು ಕಳುಹಿಸಿದ ಎರಡು ನೇಪಾಳ ಚಾರಣದ ಯೋಜನೆಗಳನ್ನೂ ಓದಿದೆ. ಒಂದು ಎವರೆಸ್ಟ್ ಬೇಸ್ ಕ್ಯಾಂಪಿನದು, ಇನ್ನೊಂದು ಅನ್ನಪೂರ್ಣ ಸರ್ಕ್ಯೂಟಿನ ಥೊರೊಂಗ್ ಲಾ ಪಾಸಿನದು, ಅಂದರೆ ಬೆಟ್ಟಸಾಲು ದಾಟುವ ಎತ್ತರದ ಕಣಿವೆದಾರಿಯದು. ಎರಡರ ತಲೆಯ ಮೇಲೂ ದಪ್ಪ ಅಕ್ಷರದಲ್ಲಿ ಒಂದೊಂದು ಅಂಕಿ: 5,364 ಮೀಟರ್, 5,416 ಮೀಟರ್. ಕೆಳಗೆ ನಿನ್ನ ಷರಾ: "ಐವತ್ತೆರಡು ಮೀಟರ್ ವ್ಯತ್ಯಾಸ ಅಷ್ಟೇ ಅಮ್ಮಾ, ಯಾವುದಾದರೂ ಒಂದೇ." ಆ ಸಾಲು ಓದಿದ ಮೇಲೆ ಈ ಪತ್ರ ಬರೆಯದೆ ಇರಲು ಆಗಲಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಹೂಂಗುಟ್ಟುತ್ತಾ ಬೇರೇನೋ ನೋಡುತ್ತಿರುತ್ತೀಯ ಎಂಬುದು ನನಗೆ ಗೊತ್ತು.

ಯಾವುದಾದರೂ ಒಂದೇ ಅಲ್ಲ. ಚಾರಣದ ದಾರಿಯನ್ನು ಅದರ ತುದಿಯಿಂದ ಅಳೆಯಬೇಡ, ಹಾಸಿಗೆಯಿಂದ ಅಳೆ. ಹಗಲಿನಲ್ಲಿ ಎಷ್ಟು ಎತ್ತರ ಮುಟ್ಟಿ ಬಂದೆ ಎನ್ನುವುದನ್ನು ದೇಹ ಹೇಗೋ ಸಹಿಸಿಕೊಳ್ಳುತ್ತದೆ. ರಾತ್ರಿ ಎಲ್ಲಿ ಮಲಗಿದೆ ಎನ್ನುವುದರ ಲೆಕ್ಕವನ್ನು ಮಾತ್ರ ಬಡ್ಡಿ ಸಮೇತ ವಸೂಲು ಮಾಡುತ್ತದೆ. ಥೊರೊಂಗ್ ಲಾ ದಾಟುವವರು ಹಿಂದಿನ ರಾತ್ರಿ ಥೊರೊಂಗ್ ಫೇದಿಯಲ್ಲಿ, ಸುಮಾರು 4,500 ಮೀಟರಿನಲ್ಲಿ ಮಲಗಬಹುದು. ಬೆಳಗಿನ ಜಾವ ಹೊರಟು, ಪಾಸ್ ಮುಟ್ಟಿ, ಅದೇ ದಿನ ಮುಕ್ತಿನಾಥದ 3,800ರ ಆಸುಪಾಸಿಗೆ ಇಳಿದುಬಿಡುತ್ತಾರೆ. ಬೇಸ್ ಕ್ಯಾಂಪಿಗೆ ಹೋಗುವವರು ಸಾಮಾನ್ಯವಾಗಿ ಗೋರಕ್ ಶೇಪ್‌ನಲ್ಲಿ ತಂಗುತ್ತಾರೆ, ಅದು 5,164 ಮೀಟರ್. ನಿನ್ನ ಐವತ್ತೆರಡು ಮೀಟರ್ ಈಗ ಆರುನೂರು ದಾಟಿತು, ಅದೂ ತಿರುಗುಮುರುಗಾಗಿ.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ಶೇಕಡ 21. ಕಡಿಮೆಯಾಗುವುದು ಒತ್ತಡ. 5,500 ಮೀಟರಿನಲ್ಲಿ ಅದು ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ, ಅಂದರೆ ಒಂದು ಉಸಿರಿಗೆ ಅರ್ಧ ಉಸಿರಿನ ಫಲ. ಇದಕ್ಕೆ ಹೊಂದಿಕೊಳ್ಳಲು ದೇಹಕ್ಕೆ ದಿನಗಳು ಬೇಕು. ಅದಕ್ಕಾಗಿಯೇ ಪರ್ವತ ವೈದ್ಯರು ಹೇಳುವುದು: 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯ ಹಾಸಿಗೆಗೂ ಮರುರಾತ್ರಿಯ ಹಾಸಿಗೆಗೂ 500 ಮೀಟರಿಗಿಂತ ಹೆಚ್ಚು ಅಂತರ ಬೇಡ, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆ. ಹಗಲಿನಲ್ಲಿ ಮೇಲೆ ಹತ್ತಿ ಬಂದು ಕೆಳಗೆ ಮಲಗಿದರಂತೂ ಇನ್ನೂ ಒಳ್ಳೆಯದು. ಆಫ್ರಿಕಾದ ಕಿಲಿಮಂಜಾರೋ ಬೆಟ್ಟವೊಂದರಲ್ಲೇ ಎರಡೂ ಬಗೆಯ ದಾರಿಗಳಿವೆ ನೋಡು. ಮಚಾಮೆ ದಾರಿಯಲ್ಲಿ 4,600 ಮೀಟರಿನ ಲಾವಾ ಟವರ್ ತನಕ ಹತ್ತಿಸಿ, ರಾತ್ರಿಗೆ ಸುಮಾರು 3,960ರ ಬರಾಂಕೋ ಬಿಡಾರಕ್ಕೆ ಇಳಿಸುತ್ತಾರೆ. ಮರಾಂಗು ದಾರಿಯ ಐದು ದಿನದ ಯೋಜನೆಯಲ್ಲಿ ಹಾಸಿಗೆಗಳು 2,720, 3,720, 4,720 ಎಂದು ದಿನಕ್ಕೊಂದು ಸಾವಿರ ಮೀಟರ್ ಜಿಗಿಯುತ್ತವೆ. ನಿಜವಾದ ಹಾಸಿಗೆ, ಬಿಸಿಲು ಮಳೆಗೆ ಗಟ್ಟಿ ಸೂರು, ಕಡಿಮೆ ದಿನ ಎಂದು ಇದನ್ನೇ ಸುಲಭದ ದಾರಿ ಎಂದು ಕರೆಯುವವರಿದ್ದಾರೆ. ಕಾಲಿಗೆ ಸುಲಭ ಇರಬಹುದು. ತಲೆಗಲ್ಲ.

ಈಗ ನಿನ್ನ ಥೊರೊಂಗ್ ಲಾ ಯೋಜನೆಗೆ ಬರುತ್ತೇನೆ. ನನ್ನನ್ನು ನಿಜಕ್ಕೂ ಹೆದರಿಸಿದ್ದು ಅದು. ಬೇಸಿಸಹರ್‌ನಿಂದ ಮನಾಂಗ್‌ಗೆ ಜೀಪು, ಮಾರನೆಯ ದಿನ ಯಾಕ್ ಖರ್ಕಾ, ಅದರ ಮಾರನೆಯ ದಿನ ಫೇದಿ, ನಾಲ್ಕನೆಯ ದಿನ ಪಾಸ್. ಬೇಸಿಸಹರ್ ಇರುವುದು 760 ಮೀಟರಿನಲ್ಲಿ, ಮನಾಂಗ್ ಸುಮಾರು 3,540ರಲ್ಲಿ. ಹಿಂದೆ ಈ ದಾರಿ ಒಳ್ಳೆಯ ದಾರಿ ಎನಿಸಿಕೊಂಡಿದ್ದೇ ಜನ ಅದನ್ನು ವಾರಗಟ್ಟಲೆ ನಡೆಯುತ್ತಿದ್ದರು ಎಂಬ ಕಾರಣಕ್ಕೆ. ಬೆಟ್ಟ ತಾನಾಗಿಯೇ ಅವರನ್ನು ನಿಧಾನ ಮಾಡುತ್ತಿತ್ತು. ರಸ್ತೆ ಬಂದ ಮೇಲೆ ಆ ಕೆಲಸವನ್ನು ನಾವೇ ಮಾಡಿಕೊಳ್ಳಬೇಕಾಗಿದೆ. ಜೀಪಿನಲ್ಲಿ ಹೋಗುವುದಾದರೆ ಚಾಮೆಯಲ್ಲಿ ಇಳಿದುಬಿಡು, 2,700ಕ್ಕೂ ಕೆಳಗಿದೆ. ಅಲ್ಲಿಂದ ನಡೆದು ಅಪ್ಪರ್ ಪಿಸಾಂಗ್‌ನ 3,300ರಲ್ಲಿ ಒಂದು ರಾತ್ರಿ, ಮನಾಂಗ್‌ನಲ್ಲಿ ಎರಡು, ಸಾಧ್ಯವಾದರೆ ಮೂರು. ಆಮೇಲೆ ಯಾಕ್ ಖರ್ಕಾ, ಆಮೇಲೆ ಫೇದಿ. ಈ ಹಾಸಿಗೆಗಳ ಅಂತರವನ್ನು ನೀನೇ ಕಳೆದು ನೋಡು, ಪಿಸಾಂಗಿನಿಂದ ಮೇಲಿನವೆಲ್ಲ 500ರ ಆಸುಪಾಸಿಗೋ ಅದಕ್ಕೂ ಕೆಳಗೋ ನಿಲ್ಲುತ್ತವೆ. ಫೇದಿಯ ಮೇಲೆ ಸುಮಾರು 4,900ರಲ್ಲಿ ಹೈ ಕ್ಯಾಂಪ್ ಎಂದೊಂದಿದೆ. ಕೊನೆಯ ದಿನದ ಏರು ಕಡಿಮೆಯಾಗುತ್ತದೆ ಎಂದು ಆಸೆ ಹುಟ್ಟಿಸುತ್ತಾರೆ. ನನ್ನನ್ನು ಕೇಳಿದರೆ ಫೇದಿಯಲ್ಲೇ ಮಲಗಿ ಒಂದು ಗಂಟೆ ಮೊದಲು ಏಳುವುದು ಲೇಸು.

ದಿಕ್ಕಿನ ಬಗ್ಗೆಯೂ ಒಂದು ಮಾತು. ಹೆಚ್ಚಿನವರು ಮನಾಂಗ್ ಕಡೆಯಿಂದಲೇ ಈ ಪಾಸ್ ಹತ್ತುವುದು ವಾಡಿಕೆಗಾಗಿ ಅಲ್ಲ. ಮುಕ್ತಿನಾಥದ ಕಡೆಯಿಂದ ಹೊರಟರೆ ಒಂದೇ ದಿನದಲ್ಲಿ 1,600 ಮೀಟರ್ ಏರಬೇಕು, ನಡುವೆ ಹದವಾಗಿ ಎತ್ತರ ಏರಿಸಿಕೊಳ್ಳುವಂಥ ತಂಗುದಾಣಗಳ ಸರಣಿ ಆ ಕಡೆಗಿಲ್ಲ. ನಿನಗೆ ಆ 1,600 ಇಳಿಯಲು ಸಿಗುತ್ತದೆ. ಮೊಣಕಾಲುಗಳು ಆ ದಿನವನ್ನು ಬಹಳ ಕಾಲ ನೆನಪಿಟ್ಟುಕೊಳ್ಳುತ್ತವೆ.

ಹಾಸಿಗೆಯ ಎತ್ತರದ ನಂತರ ನೀನು ಕೇಳಬೇಕಾದ ಎರಡನೆಯ ಪ್ರಶ್ನೆ: ಕಾಯಿಲೆಯಾದರೆ ಕೆಳಗೆ ಎಂದರೆ ಯಾವ ಕಡೆಗೆ? ಇಲ್ಲಿ ಬೇಸ್ ಕ್ಯಾಂಪಿನ ದಾರಿ ಗೆಲ್ಲುತ್ತದೆ. ಅದು ಹೋದ ಹಾದಿಯಲ್ಲೇ ಮರಳುವ ದಾರಿ, ಇಳಿಜಾರು ಯಾವಾಗಲೂ ಬೆನ್ನ ಹಿಂದೆಯೇ ಇರುತ್ತದೆ. ಥೊರೊಂಗ್ ಲಾ ಹಾಗಲ್ಲ. ಫೇದಿಯಲ್ಲಿ ಹುಷಾರು ತಪ್ಪಿದವರಿಗೆ ಒಂದು ಕೆಟ್ಟ ಆಸೆ ಹುಟ್ಟುತ್ತದೆ, ಹೇಗಾದರೂ ಪಾಸ್ ದಾಟಿಬಿಟ್ಟರೆ ಆಚೆ ಬರೀ ಇಳಿಜಾರು ಎಂದು. ಆ "ಹೇಗಾದರೂ" ಒಂಬೈನೂರು ಮೀಟರ್ ಏರು, ಅದೂ ಆಗಲೇ ಸೋತಿರುವ ಮಿದುಳನ್ನು ಹೊತ್ತುಕೊಂಡು. ಅಂಥ ಬೆಳಗ್ಗೆ ನಿನ್ನ ದಾರಿ ಮನಾಂಗ್ ಕಡೆಗೆ, ವಾಪಸ್. ಕಾಲಿಗೆ ಬುದ್ಧಿ ಹೇಳುವುದು ಎಂದರೆ ಊರಿನವರಿಗೆಲ್ಲ ಹೇಡಿತನ. ಅಲ್ಲಿ ಅದೇ ಮದ್ದು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವ ಯೋಗ್ಯತೆ ನನಗೆ ಎಲ್ಲಿಂದ ಬಂತು ಎಂದು ನೀನು ಕೇಳಬೇಕು. ನನ್ನ ಇಪ್ಪತ್ತೇಳನೆಯ ವಯಸ್ಸಿನ ಚಾರಣದ ಫೋಟೋಗಳನ್ನು ನೀನು ನೋಡಿದ್ದೀಯ. ಪಾಸ್ ಮೇಲಿನ ಫೋಟೋ ಯಾಕಿಲ್ಲ ಎಂದು ಚಿಕ್ಕವಳಿದ್ದಾಗ ನೀನು ಕೇಳಿದ್ದೆ, ಹವಾಮಾನ ಕೆಟ್ಟಿತ್ತು ಎಂದು ನಾನು ಹೇಳಿದ್ದೆ. ಸುಳ್ಳು. ಆಕಾಶ ತೊಳೆದಿಟ್ಟಂತಿತ್ತು. 4,200 ಮೀಟರಿನ ಬಿಡಾರದಲ್ಲಿ ನನಗೆ ತಲೆನೋವು ಶುರುವಾಗಿತ್ತು. ತಂಡದಲ್ಲಿ ಮುಂದೆ ಮುಂದೆ ನಡೆಯುತ್ತಿದ್ದವಳು ನಾನು. ಹೇಳಿದರೆ ಮರ್ಯಾದೆ ಹೋಗುತ್ತದೆ ಎನಿಸಿತು. ನಿದ್ದೆ ಸಾಲಲಿಲ್ಲ ಎಂದೆ. ಊಟ ಬೇಡ ಎಂದಾಗ ಹೊಟ್ಟೆ ತುಂಬಿದೆ ಎಂದೆ. ಎರಡು ಸಾವಿರ ವರ್ಷಗಳ ಹಿಂದೆಯೇ ಚೀನಾದ ಹಾನ್ ಕಾಲದ ಅಧಿಕಾರಿಯೊಬ್ಬ ಪಶ್ಚಿಮದ ದಾರಿಯಲ್ಲಿರುವ ದೊಡ್ಡ ತಲೆನೋವಿನ ಬೆಟ್ಟ, ಚಿಕ್ಕ ತಲೆನೋವಿನ ಬೆಟ್ಟಗಳ ಬಗ್ಗೆ ಹೇಳಿದ್ದಾನೆ. ಅವರು ಬೆಟ್ಟಕ್ಕೇ ಆ ಹೆಸರಿಟ್ಟು ಕರೆದರು, ನನಗೆ ಪಕ್ಕದಲ್ಲಿ ಮಲಗಿದ್ದವಳಿಗೆ ಹೇಳಲಾಗಲಿಲ್ಲ.

ಮರುದಿನ 4,800ಕ್ಕೆ ಹೋದೆವು. ಸಂಜೆ ಬೂಟಿನ ದಾರ ಕಟ್ಟಲು ಕುಳಿತವಳು ಕಟ್ಟುವುದು ಹೇಗೆಂದು ಮರೆತು ದಾರವನ್ನೇ ನೋಡುತ್ತಿದ್ದೆನಂತೆ. ಜೊತೆಗಾತಿ ಬಂದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆ ಎಂದಳು. ಮೂರನೆಯ ಹೆಜ್ಜೆಗೆ ಪಕ್ಕಕ್ಕೆ ಬಿದ್ದೆ. ಮಿದುಳು ಊದಿಕೊಳ್ಳುವಾಗ ಮೊದಲು ಹೋಗುವುದು ಈ ಸಮತೋಲ, ಈ ನೇರ ನಡಿಗೆ. ಅವಳು ಬೆಳಗಾಗಲಿ ಎನ್ನಲಿಲ್ಲ. ಹಣೆದೀಪ ಕಟ್ಟಿಕೊಂಡು, ಮಾರ್ಗದರ್ಶಿಯ ಸಹಾಯದಿಂದ ಆ ಕತ್ತಲಲ್ಲೇ ನನ್ನನ್ನು ಆರುನೂರು ಮೀಟರ್ ಕೆಳಗೆ ನಡೆಸಿದಳು. ಬೆಳಗಿನ ಹೊತ್ತಿಗೆ ನನಗೆ ಹಸಿವಾಗಿತ್ತು. ಅವಳು ಆ ಪಾಸಿಗಾಗಿ ಎರಡು ವರ್ಷ ರಜೆ ಕೂಡಿಟ್ಟಿದ್ದಳು. ಉಳಿದವರು ಅದನ್ನು ದಾಟುತ್ತಿದ್ದ ಹೊತ್ತಿಗೆ ಅವಳು ನನ್ನ ಪಕ್ಕ ಕುಳಿತು ಕಾಲ್ಚೀಲ ಒಣಗಿಸುತ್ತಿದ್ದಳು. ಒಂದು ದಿನವೂ ಆಡಿ ತೋರಿಸಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಆದ್ದರಿಂದ ಎತ್ತರದಲ್ಲಿ ಬರುವ ತಲೆನೋವನ್ನು ಬೇರೇನೋ ಎಂದು ಸಾಬೀತಾಗುವವರೆಗೂ ಎತ್ತರದ ಕಾಯಿಲೆ ಎಂದೇ ಭಾವಿಸು. ತಲೆನೋವು, ವಾಕರಿಕೆ, ಸುಸ್ತು ಇದ್ದಾಗ ಅಲ್ಲಿಂದ ಮೇಲೆ ಹೋಗುವಂತಿಲ್ಲ. ಅದು ಹೆಚ್ಚಿದರೆ, ನಡಿಗೆ ತಪ್ಪಿದರೆ, ಅಥವಾ ಸುಮ್ಮನೆ ಕುಳಿತಾಗಲೂ ಏದುಸಿರು ನಿಲ್ಲದಿದ್ದರೆ ಇಳಿಯಬೇಕು, ಗಡಿಯಾರ ನೋಡದೆ. ನಿನ್ನಂಥ ಗಟ್ಟಿಮುಟ್ಟಾದವರಿಗೆ ಇದು ಬರುವುದಿಲ್ಲ ಎಂಬುದು ತಪ್ಪು ನಂಬಿಕೆ. ಶಕ್ತಿ ಇದ್ದವರು ಬೇಗ ಹತ್ತುತ್ತಾರೆ, ಬೇಗ ಸಿಕ್ಕಿಬೀಳುತ್ತಾರೆ. ರಾತ್ರಿ ಉಸಿರು ಕ್ಷಣಕಾಲ ನಿಂತಂತಾಗಿ ಗಾಬರಿಯಿಂದ ಎಚ್ಚರವಾದರೆ ಮಾತ್ರ ಹೆದರಬೇಡ, ಆ ಎತ್ತರದಲ್ಲಿ ಬಹಳ ಜನರಿಗೆ ಹಾಗಾಗುತ್ತದೆ. ಡಯಾಮಾಕ್ಸ್ ಮಾತ್ರೆಯ ಬಗ್ಗೆ ನೀನು ಕೇಳಿದ್ದೆ. ಅದು ನೋವು ಮುಚ್ಚುವ ಮಾತ್ರೆಯಲ್ಲ, ಹೊಂದಿಕೊಳ್ಳುವುದನ್ನು ಚುರುಕು ಮಾಡುತ್ತದೆ. ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಬಾರಿ, ಏರು ಶುರುವಾಗುವ ಹಿಂದಿನ ದಿನದಿಂದ. ಬೆರಳು ಜುಮುಗುಡುತ್ತದೆ, ಮೂತ್ರಕ್ಕೆ ಪದೇ ಪದೇ ಏಳಿಸುತ್ತದೆ. ವೈದ್ಯರನ್ನು ಕಂಡೇ ತೆಗೆದುಕೊ, ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಅವರಿಗೆ ಹೇಳು. ಕೆಟ್ಟ ಯೋಜನೆಯನ್ನು ಅದು ಒಳ್ಳೆಯ ಯೋಜನೆ ಮಾಡುವುದಿಲ್ಲ. ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ವೈದ್ಯರು ಚಾರಣದ ಋತುವಿನಲ್ಲಿ ಇರುತ್ತಾರೆ, ಎತ್ತರದ ಕಾಯಿಲೆಯ ಬಗ್ಗೆ ಮಾತನಾಡುತ್ತಾರೆ. ನನ್ನ ಮಾತು ಬೇಸರವಾದರೆ ಅವರದನ್ನಾದರೂ ಕೂತು ಕೇಳು.

ಅಕ್ಟೋಬರ್ ಎಂದು ಬರೆದಿದ್ದೀಯ. ಒಳ್ಳೆಯ ತಿಂಗಳು, ಆಕಾಶ ತಿಳಿಯಾಗಿರುತ್ತದೆ. ಆದರೆ 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣದ ಬಳಿ ದಡ ಹತ್ತಿದ ಹುಡ್‌ಹುಡ್ ಚಂಡಮಾರುತದ ಉಳಿಕೆಯೇ ಎರಡು ದಿನದ ಬಳಿಕ ಥೊರೊಂಗ್ ಲಾ ಸುತ್ತಮುತ್ತ ಹಿಮಬಿರುಗಾಳಿಯಾಗಿ ಎರಗಿತು. ಆ ಪ್ರದೇಶದಲ್ಲಿ ಕನಿಷ್ಠ 43 ಜನ ಸತ್ತರು, ಚಾರಣಿಗರೂ ಸ್ಥಳೀಯರೂ. ಹೊರಡುವ ವಾರ ಬಂಗಾಳ ಕೊಲ್ಲಿಯಲ್ಲಿ ಏನು ನಡೆಯುತ್ತಿದೆ ಎಂದು ನೋಡುವ ಅಭ್ಯಾಸ ಇರಲಿ. ಯೋಜನೆಯ ಕೊನೆಗೆ ಎರಡು ಖಾಲಿ ದಿನ ಇಟ್ಟುಕೊ. ಖಾಲಿ ದಿನ ಇಲ್ಲದವರೇ ಕೆಟ್ಟ ಹವೆಯಲ್ಲಿ ಪಾಸ್ ಹತ್ತುವುದು.

ತಯಾರಿ ಎಂದರೆ ನೀನು ಓಡುತ್ತಿದ್ದೀಯ. ಓಡು, ಬೇಡ ಎನ್ನುವುದಿಲ್ಲ. ಆದರೆ ಬೆಟ್ಟ ಕೇಳುವುದು ಬೇರೆ: ಬೆನ್ನ ಮೇಲೆ ಎಂಟು ಕಿಲೋ, ಆರು ಗಂಟೆ, ಮರುದಿನ ಮತ್ತೆ ಅದೇ. ಇನ್ನೂ ಮೂರು ತಿಂಗಳಿವೆ. ಚೀಲ ಹೊತ್ತು ಮೆಟ್ಟಿಲು ಹತ್ತು, ಅದಕ್ಕಿಂತ ಮುಖ್ಯವಾಗಿ ಇಳಿ. ತೊಡೆಗಳಿಗೆ ಪೆಟ್ಟು ಬೀಳುವುದು ಇಳಿಯುವಾಗ. ವಾರದ ಕೊನೆಗೆ ಎರಡು ದಿನ ಬೆನ್ನುಬೆನ್ನಿಗೆ ದೀರ್ಘ ನಡಿಗೆ. ವೇಗ ಎಷ್ಟೆಂದರೆ ಪಕ್ಕದವರಿಗೆ ಪೂರ್ತಿ ಒಂದು ವಾಕ್ಯ ಹೇಳಲು ಆಗಬೇಕು.

ಸಾಮಾನಿನ ಪಟ್ಟಿ ಎಲ್ಲರ ಬಳಿಯೂ ಇದೆ, ನಾನು ಮತ್ತೆ ಬರೆಯುವುದಿಲ್ಲ. ಬೂಟು ಮಾತ್ರ ಈ ವಾರವೇ ಕೊಳ್ಳು, ದಪ್ಪ ಕಾಲ್ಚೀಲ ಹಾಕಿಕೊಂಡು, ಸಂಜೆ ಹೊತ್ತು ಕಾಲು ಊದಿರುವಾಗ. ಇಳಿಜಾರಿನಲ್ಲಿ ನಿಂತಾಗ ಬೆರಳು ಮುಂದಕ್ಕೆ ತಾಗಿದರೆ ಬೇಡ, ಉಗುರು ಕಳೆದುಕೊಳ್ಳುತ್ತೀಯ. ಮೈಗೆ ಅಂಟಿದ ಪದರದಲ್ಲಿ ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ಉಷ್ಣಾಂಶ ಬರೆದಿರುತ್ತದೆ. ಕಂಫರ್ಟ್ ಎಂದಿರುವುದನ್ನು ನಂಬು, ಲಿಮಿಟ್ ಎಂದಿರುವುದು ನಡುಗುತ್ತಾ ಬೆಳಗು ಮಾಡುವವರಿಗೆ. ಕಪ್ಪು ಕನ್ನಡಕ ಮರೆತರೆ ಹಿಮದ ಬಿಸಿಲು ಒಂದೇ ದಿನದಲ್ಲಿ ಕಣ್ಣು ಸುಡುತ್ತದೆ. ವಿಮೆ ಮಾಡಿಸುವಾಗ ಎಷ್ಟು ಮೀಟರ್ ತನಕ ಅನ್ವಯ, ಹೆಲಿಕಾಪ್ಟರ್ ಸೇರಿದೆಯೇ ಎಂಬ ಎರಡು ಸಾಲುಗಳನ್ನು ಹುಡುಕಿ ಓದು. ನಿನ್ನ ಭಾರ ಹೊರುವವರಿಗೂ ಬೆಚ್ಚನೆಯ ಬಟ್ಟೆ, ಮಲಗಲು ಜಾಗ ಇದೆಯೇ ಎಂದು ಹೊರಡುವ ಮೊದಲೇ ಕೇಳು. ಎತ್ತರದ ಕಾಯಿಲೆ ಅವರಿಗೂ ಬರುತ್ತದೆ, ಹೇಳಲು ಅವರಿಗೆ ನನಗಿಂತ ಹೆಚ್ಚಿನ ಅಂಜಿಕೆ ಇರುತ್ತದೆ.

ಹಾಗಾದರೆ ಯಾವುದು? ಕಚೇರಿಯಲ್ಲಿ ಇನ್ನೂ ಐದು ದಿನ ರಜೆ ಸಿಕ್ಕರೆ ಥೊರೊಂಗ್ ಲಾ, ಚಾಮೆಯಿಂದ ನಡೆದು. ಸಿಗದಿದ್ದರೆ ಎರಡನ್ನೂ ಬಿಟ್ಟು ಅನ್ನಪೂರ್ಣ ಬೇಸ್ ಕ್ಯಾಂಪಿಗೆ ಹೋಗು, 4,130 ಮೀಟರ್, ಬೇಕೆಂದರೆ ಒಂದೇ ದಿನದಲ್ಲಿ ಒಂದೂವರೆ ಸಾವಿರ ಮೀಟರ್ ಕೆಳಗಿಳಿಯಬಹುದು. ನಿನ್ನ ಪಟ್ಟಿಯಲ್ಲಿ ಅದಿಲ್ಲ. ಅಂಕಿ ಚಿಕ್ಕದು ಎಂದು ಬಿಟ್ಟಿರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು ಹಿಮಾಲಯ ನೋಡಿದ್ದರೋ ಇಲ್ಲವೋ, ರಜೆಯ ಲೆಕ್ಕಕ್ಕೆ ಸರಿಯಾಗಿಯೇ ಹೇಳಿದ್ದಾರೆ.

ತಿದ್ದಿದ ಯೋಜನೆ ಕಳುಹಿಸು. ಮೇಲೆ ದಪ್ಪ ಅಕ್ಷರದ ಅಂಕಿ ಬೇಡ. ದಿನ, ಊರು, ಮಲಗುವ ಎತ್ತರ, ಇಷ್ಟು ಸಾಕು. ಜೊತೆಗೆ ಬರುವ ಗೆಳತಿಗೆ ನನ್ನ ಬೂಟಿನ ದಾರದ ಕತೆಯನ್ನು ಹೇಳು, ನೀನು ನಾಚಿಕೆಪಟ್ಟುಕೊಳ್ಳಬೇಕಾಗಿಲ್ಲ, ಅದು ನನ್ನದು. ನೇರ ಗೆರೆಯಲ್ಲಿ ನಡೆಸಿ ನೋಡುವುದು ಹೇಗೆಂದು ಅವಳಿಗೂ ಗೊತ್ತಿರಲಿ.

ನಿನ್ನ,
ಅಮ್ಮ